ಮೊದಲ ಪಾಠದಲ್ಲಿ ಕಂಟ್ರೋಲ್ ಯಾರ ಕೈಯಲ್ಲಿ?

ವಿಮಾನ ಹಾರಿಸೋದು ಹೇಗಿರುತ್ತೆ, ಒಂದು ಸಲ ನೋಡೋಣ ಅಂತ ಬರುತ್ತಾರಲ್ಲ, ಅವರಿಗೆ ಕೊಡುವ ಮೊದಲ ಪಾಠವೇ ನನಗೆ ಎಲ್ಲಕ್ಕಿಂತ ಇಷ್ಟ. ಅದರಲ್ಲಿ ನನ್ನ ಲೆಕ್ಕ ಒಂದೇ: ಅವರು ಪಕ್ಕದಲ್ಲಿ ಕೂತು ಸುತ್ತಾಡಿ ಹೋಗಬಾರದು, ತಾವೇ ಹಾರಿಸಿ ಹೋಗಬೇಕು.

ಆದಷ್ಟೂ ಬೆಳಗ್ಗೆ ಬೇಗ ಬರಲು ಹೇಳುತ್ತೇನೆ. ಬಿಸಿಲೇರಿ ನೆಲ ಕಾದ ಮೇಲೆ ಬಿಸಿ ಗಾಳಿ ಮೇಲೇಳುತ್ತದೆ, ಸೆಸ್ನಾ 172ರಂಥ ಸಣ್ಣ ವಿಮಾನ ಚೆನ್ನಾಗಿ ಕುಲುಕುತ್ತದೆ. ನಮಗೆ ಅದು ಮಾಮೂಲು, ಹೊಸಬರಿಗೆ ಅಲ್ಲ. ಗಾಳಿ ಜೋರಾಗಿದ್ದರೆ ಇನ್ನೊಂದು ದಿನ ಬನ್ನಿ ಅಂತ ಕಳಿಸಿಬಿಡುತ್ತೇನೆ. ಖಾಲಿ ಹೊಟ್ಟೆಯಲ್ಲಿ ಬರೋದೂ ಬೇಡ, ಹೊಟ್ಟೆ ಬಿರಿಯ ತಿಂದು ಬರೋದೂ ಬೇಡ.

ನೆಲದ ಮೇಲೆ ಉದ್ದುದ್ದ ಪಾಠ ಮಾಡುವುದಿಲ್ಲ. ರೆಕ್ಕೆಗೆ ಎತ್ತುವ ಬಲ ಎಲ್ಲಿಂದ ಬರುತ್ತದೆ ಅನ್ನೋದನ್ನು ಬೋರ್ಡ್ ಮೇಲೆ ಬರೆಯುತ್ತಾ ಕೂತರೆ ಅವರ ಕಣ್ಣು ಕಿಟಕಿ ಕಡೆ ಹೋಗುತ್ತದೆ, ಹೋಗದೆ ಇನ್ನೇನು! ಸೀದಾ ವಿಮಾನದ ಹತ್ತಿರ ಕರೆದುಕೊಂಡು ಹೋಗಿ, ಒಂದು ಕಡೆಯ ಏಲೆರಾನ್ ಅನ್ನು, ಅಂದರೆ ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಯನ್ನು, ಕೈಯಿಂದ ಮೇಲೆತ್ತಿ ಅನ್ನುತ್ತೇನೆ. ಆಚೆ ರೆಕ್ಕೆಯದು ತಾನಾಗಿ ಕೆಳಗಿಳಿಯುತ್ತದೆ. ಅಷ್ಟು ಸಾಕು, ವಿಮಾನ ಹೇಗೆ ವಾಲುತ್ತದೆ ಅಂತ ಅರ್ಥವಾಗುತ್ತದೆ. ಇಂಧನ ಸ್ವಲ್ಪ ಬಸಿದು ನೀರು ಸೇರಿದೆಯಾ ಅಂತ ನೋಡುವ ಕೆಲಸವನ್ನೂ ಅವರ ಕೈಯಲ್ಲೇ ಮಾಡಿಸುತ್ತೇನೆ.

ಟ್ಯಾಕ್ಸಿ ಮಾಡುವಾಗ, ಅಂದರೆ ವಿಮಾನವನ್ನು ನೆಲದ ಮೇಲೆ ಓಡಿಸುವಾಗ, ಬಹುತೇಕ ಎಲ್ಲರೂ ಕೈಯಲ್ಲಿರುವ ಯೋಕ್ ಅನ್ನೇ ಕಾರಿನ ಸ್ಟಿಯರಿಂಗ್ ಥರ ತಿರುಗಿಸುತ್ತಾರೆ. ನೆಲದ ಮೇಲೆ ವಿಮಾನ ತಿರುಗೋದು ಕಾಲಿನ ರಡ್ಡರ್ ಪೆಡಲ್‌ನಿಂದ. ಅದಕ್ಕೇ ಎರಡೂ ಕೈ ತೊಡೆ ಮೇಲಿಟ್ಟುಕೊಳ್ಳಿ ಅನ್ನುತ್ತೇನೆ. ವಿಮಾನ ಹಾವಿನ ಹಾಗೆ ಅಂಕುಡೊಂಕಾಗಿ ಹೋಗುತ್ತದೆ, ಅವರಿಗೂ ನಗು, ನನಗೂ ನಗು.

ಟೇಕಾಫ್ ನಾನೇ ಮಾಡುತ್ತೇನೆ. ಎರಡು ಮೂರು ಸಾವಿರ ಅಡಿ ಏರಿ, ಟ್ರಿಮ್ (ಯೋಕ್ ಹಿಡಿಯದಿದ್ದರೂ ಮೂತಿ ಇದ್ದಲ್ಲೇ ಇರುವಂತೆ ಹೊಂದಿಸುವ ವ್ಯವಸ್ಥೆ) ಸರಿಮಾಡಿ, "ನೋಡಿ, ಈಗ ಯಾರೂ ಹಿಡಿದಿಲ್ಲ" ಅಂತ ಕೈ ಬಿಡುತ್ತೇನೆ. ವಿಮಾನ ತನ್ನ ಪಾಡಿಗೆ ಹೋಗುತ್ತಿರುತ್ತದೆ. ಕೈ ಬಿಟ್ಟರೆ ಬಿದ್ದೇ ಹೋಗುತ್ತದೆ ಅಂದುಕೊಂಡು ಬಂದವರ ಭುಜ ಆಗ ಸಡಿಲವಾಗೋದು ಪಕ್ಕದಲ್ಲಿ ಕೂತ ನನಗೆ ಕಾಣುತ್ತದೆ. ಆಮೇಲೆ "ಕಂಟ್ರೋಲ್ ನಿಮ್ಮದು" ಅನ್ನುತ್ತೇನೆ, ಅವರು "ಕಂಟ್ರೋಲ್ ನನ್ನದು" ಅಂತ ತಿರುಗಿ ಹೇಳಬೇಕು. ಇದು ಸುಮ್ನೆ ಶಾಸ್ತ್ರಕ್ಕಲ್ಲ, ಯಾರು ಹಾರಿಸುತ್ತಿದ್ದಾರೆ ಅನ್ನೋದರಲ್ಲಿ ಗೊಂದಲ ಇರಲೇಬಾರದು. ಮುಷ್ಟಿ ಬಿಗಿ ಹಿಡಿದರೆ ಎರಡು ಬೆರಳು ಸಾಕು ಅನ್ನುತ್ತೇನೆ. ಮೀಟರ್‌ಗಳನ್ನೇ ದಿಟ್ಟಿಸುವವರಿದ್ದರೆ, ಅವರ ಮುಂದಿರೋದರ ಮೇಲೆ ಒಂದು ಕಾಗದ ಅಡ್ಡ ಇಟ್ಟು, ಮೂತಿ ದಿಗಂತಕ್ಕಿಂತ ಎಷ್ಟು ಕೆಳಗಿದೆ ಅಂತ ಹೊರಗೆ ನೋಡಿಸುತ್ತೇನೆ. ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ, ನಿಜ ಹೇಳಬೇಕೆಂದರೆ ಇಡೀ ಪಾಠದಲ್ಲಿ ಕಷ್ಟದ ಕೆಲಸ ಅದೇ.

ತಿರುವು 15–20 ಡಿಗ್ರಿ ವಾಲಿದರೆ ಸಾಕು. ಎತ್ತರ ಬಿಡದೆ 60 ಡಿಗ್ರಿ ವಾಲಿಸಿ ತಿರುಗಿಸಿದರೆ ಮೈ ತೂಕ ಎರಡರಷ್ಟಾದಂತೆ ಸೀಟಿಗೆ ಒತ್ತುತ್ತದೆ. ಅದು ನನಗೆ ಮಜಾ, ಅವರಿಗಲ್ಲ. ಸ್ಟಾಲ್, ಅಂದರೆ ರೆಕ್ಕೆ ಗಾಳಿಗೆ ತೀರಾ ಓರೆಯಾಗಿ ಎತ್ತುವ ಬಲ ಕುಸಿಯೋದು, ಅದನ್ನು ತೋರಿಸುವುದೂ ಮೊದಲ ದಿನಕ್ಕೆ ಬೇಡ.

ಹೆದರಿಸೋದು ಎತ್ತರಕ್ಕಿಂತ ಜಾಸ್ತಿ, ಹೇಳದೇ ಕೇಳದೇ ಬದಲಾಗುವ ಶಬ್ದ. ಇಳಿಯಲು ಥ್ರಾಟಲ್ ಹಿಂದಕ್ಕೆ ಎಳೆದರೆ ಎಂಜಿನ್ ನಿಂತೇ ಹೋಯಿತು ಅಂದುಕೊಳ್ಳುತ್ತಾರೆ. ಹಾಗಾಗಿ ಮೊದಲೇ ಹೇಳುತ್ತೇನೆ, ಜೊತೆಗೆ ಎಂಜಿನ್ ನಿಜವಾಗಿ ನಿಂತರೂ ಈ ವಿಮಾನ ಗಾಳಿಯಿಲ್ಲದಾಗ 1000 ಅಡಿ ಇಳಿಯುವಷ್ಟರಲ್ಲಿ 2.5 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ ತೇಲಿಕೊಂಡು ಹೋಗುತ್ತದೆ ಅನ್ನೋದನ್ನೂ ಹೇಳುತ್ತೇನೆ. ನೆಲ ಮುಟ್ಟುವ ಹೊತ್ತಿಗೆ ಸ್ಟಾಲ್ ಹತ್ತಿರವಾಯಿತು ಅಂತ ಎಚ್ಚರಿಸುವ ಹಾರ್ನ್ ಕುಂಯ್ ಅನ್ನಬಹುದು, ಅದೂ ಮುಂಚೆಯೇ ಗೊತ್ತಿರಬೇಕು.

ಚೆನ್ನಾಗಿ ಮಾತಾಡುತ್ತಿದ್ದವರು ತಟ್ಟನೆ ಸುಮ್ಮನಾದರೆ, ಆಕಳಿಸಿದರೆ, ಬೆವರಿದರೆ ಹೊಟ್ಟೆ ತೊಳೆಸುತ್ತಿದೆ ಅಂತ ಲೆಕ್ಕ. ಗಾಳಿ ಕಿಂಡಿ ಅವರ ಮುಖದ ಕಡೆ ತಿರುಗಿಸಿ, ದೂರದ ದಿಗಂತ ನೋಡುತ್ತಾ ನೀವೇ ಹಾರಿಸಿ ಅನ್ನುತ್ತೇನೆ, ಹಾರಿಸುವವರಿಗೆ ಪಕ್ಕದಲ್ಲಿ ಕೂತವರಿಗಿಂತ ತೊಂದರೆ ಕಡಿಮೆ. ಆಗಲೂ ಸರಿಹೋಗದಿದ್ದರೆ ದೊಡ್ಡದು ಮಾಡದೆ ವಾಪಸ್.

ಇಳಿದ ಮೇಲೆ ಕೋರ್ಸಿಗೆ ಸೇರಿ ಅಂತ ಒತ್ತಾಯ ಮಾಡುವುದಿಲ್ಲ. ಯಾವ ತಿರುವು ಪೂರ್ತಿ ಅವರೇ ಮಾಡಿದ್ದು, ಎಲ್ಲಿ ನಾನು ಮುಟ್ಟಲೇ ಇಲ್ಲ ಅಂತ ಬಿಡಿಸಿ ಹೇಳಿ, ಲಾಗ್‌ಬುಕ್‌ನಲ್ಲಿ ಸಮಯ ಬರೆದು ಸಹಿ ಹಾಕಿಕೊಡುತ್ತೇನೆ.