ಕಲಿನಾದಲ್ಲಿ ಫಿಲಾಸಫಿ, ಮುಲುಂಡಿನಲ್ಲಿ ಮೀಟಿಂಗು

ಮುಂಬಯಿ ವಿಶ್ವವಿದ್ಯಾಲಯದ ಕಲಿನಾ ಕ್ಯಾಂಪಸ್ಸಿನಲ್ಲಿ ನಾನು ಫಿಲಾಸಫಿ ಎಂ.ಎ. ಮಾಡಿದೆ. ಕೆಲಸ ಸಿಕ್ಕಿದ್ದು ಅದರಿಂದಲ್ಲ, ಆಮೇಲೆ ಮಾಡಿದ ಟ್ಯಾಲಿ ಅನ್ನುವ ಲೆಕ್ಕಪತ್ರದ ಸಾಫ್ಟ್‌ವೇರ್ ಕೋರ್ಸಿನಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆತ್ಮ, ಮೋಕ್ಷ ಅಂತೆಲ್ಲ ಪಾಠ ಇತ್ತು. ಆದರೆ ನನಗೆ ಅಂಟಿಕೊಂಡ ವಿದ್ಯೆ ಬೇರೆ: ನಾನು ಒಪ್ಪದ ಮಾತನ್ನು, ಅದನ್ನು ನಂಬುವವರೇ ತಲೆದೂಗುವ ಹಾಗೆ ಬರೆಯುವುದು.

ನಮ್ಮ ಹಳೇ ಶಾಸ್ತ್ರಗ್ರಂಥಗಳ ಕ್ರಮವೇ ಅದು. ಮೊದಲು ಪೂರ್ವಪಕ್ಷ, ಅಂದರೆ ಎದುರಾಳಿಯ ವಾದ. ಆಮೇಲೆ ಸಿದ್ಧಾಂತ, ಅಂದರೆ ಬರೆದವರ ಸ್ವಂತ ತೀರ್ಮಾನ. ಶಂಕರರ ಬ್ರಹ್ಮಸೂತ್ರ ಭಾಷ್ಯದಲ್ಲಿ ಪೂರ್ವಪಕ್ಷ ಎಷ್ಟು ಗಟ್ಟಿ ಇರುತ್ತದೆಂದರೆ, ಹೊಸಬರು ಅದನ್ನೇ ಶಂಕರರ ಮಾತು ಅಂದುಕೊಂಡು ಪರೀಕ್ಷೆಯಲ್ಲಿ ಬರೆದು ಬರುತ್ತಾರೆ. ಅದಕ್ಕೇ ನಾನು ಪೆನ್ಸಿಲ್ ಹಿಡಿದು ಓದುತ್ತಿದ್ದೆ. ಪ್ರತಿ ಪ್ಯಾರಾದ ಪಕ್ಕ ಒಂದಕ್ಷರ, 'ಪೂ' ಅಥವಾ 'ಸಿ'. ಜರ್ಮನ್ ತತ್ವಜ್ಞಾನಿ ಕಾಂಟ್ ಓದುವಾಗಲೂ ಅಷ್ಟೇ. ತುಂಬಾ ನಿಧಾನ. ಆದರೆ ಈ ವಿಷಯದಲ್ಲಿ ಪುಟ ಎಣಿಸಿ ಪ್ರಯೋಜನವಿಲ್ಲ. 1963ರಲ್ಲಿ ಅಮೆರಿಕದ ತತ್ವಜ್ಞಾನಿ ಗೆಟಿಯರ್ ಬರೆದ ಲೇಖನ ಮೂರೇ ಪುಟ. ನಾವು ನಂಬಿದ್ದು ನಿಜವಾಗಿದ್ದು, ನಂಬಲು ಒಳ್ಳೇ ಕಾರಣವೂ ಇದ್ದರೆ ಸಾಕೇ, ಅದು ಜ್ಞಾನವೇ ಅನ್ನುವುದು ಅಲ್ಲಿನ ಪ್ರಶ್ನೆ. ಬರೀ ಅದೃಷ್ಟದಿಂದಲೂ ಹಾಗಾಗಬಹುದಲ್ಲ ಅಂತ ಅವರು ತೋರಿಸಿದರು. ಆ ಜಗಳ ಇನ್ನೂ ಮುಗಿದಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ನ್ಯಾಯದರ್ಶನ, ಅಂದರೆ ನಮ್ಮ ಹಳೇ ತರ್ಕಶಾಸ್ತ್ರ. ಬೆಟ್ಟದಲ್ಲಿ ಬೆಂಕಿ ಇದೆ, ಯಾಕೆಂದರೆ ಹೊಗೆ ಕಾಣುತ್ತಿದೆ. ಹೊಗೆ ಇದ್ದಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಇರುವ ಹಾಗೆ. ಇಷ್ಟು ಸರಿ. ಇದನ್ನೇ ತಿರುಗಿಸಿ 'ಬೆಂಕಿ ಇದ್ದಲ್ಲೆಲ್ಲ ಹೊಗೆ' ಅಂದರೆ? ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಬರಬೇಕಾದರೆ ಹಸಿ ಸೌದೆ ಬೇಕು. ಬಾಯಿಬಿಟ್ಟು ಹೇಳದ ಇಂಥ ಷರತ್ತೇ ಉಪಾಧಿ.

ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯ, ಹಳೇ ಕಟ್ಟಡ ಒಡೆದು ಹೊಸದು ಕಟ್ಟುವ ರೀಡೆವಲಪ್‌ಮೆಂಟ್ ಮೀಟಿಂಗಿನಲ್ಲಿ ನಾನು ಹುಡುಕಿದ್ದು ಈ ಹಸಿ ಸೌದೆಯನ್ನೇ. ಬಿಲ್ಡರ್ ಕಡೆಯವರು ಬಣ್ಣದ ಚಿತ್ರ ತೋರಿಸಿ, "ನಮ್ಮ ಎಲ್ಲ ಬಿಲ್ಡಿಂಗೂ ಹೇಳಿದ ಟೈಮಿಗೇ ಮುಗಿದಿವೆ, ನಿಮ್ಮದೂ ಮುಗಿಯುತ್ತದೆ" ಅಂದರು. ಜನ ವಾಸವಿದ್ದ ಹಳೇ ಕಟ್ಟಡ ಒಡೆದು ಕಟ್ಟಿದ್ದು ಅವುಗಳಲ್ಲಿ ಯಾವುದು ಅಂತ ಕೇಳಿದೆ. ಒಂದೂ ಇರಲಿಲ್ಲ. ಎಲ್ಲವೂ ಖಾಲಿ ಜಾಗದಲ್ಲಿ ಎದ್ದವು.

ಮೇಲಿನ ಮಹಡಿಯ ಶೆಟ್ರು ಮೊದಲಿನಿಂದಲೂ ಒಡೆಯುವುದೇ ಬೇಡ ಅನ್ನುತ್ತಿದ್ದರು. ಸುಮ್ನೆ ಹಟ ಅಂತ ಸೆಕ್ರೆಟರಿ ಅವರನ್ನು ಬದಿಗೆ ಸರಿಸಿದ್ದರು. ನನಗೆ ಒಡೆಯುವುದೇ ಸರಿ ಅನ್ನಿಸಿತ್ತು. ಆದರೂ ಅವರ ಮನೆಗೆ ಹೋಗಿ, ಕೇಳಿ ಕೇಳಿ, ಅವರ ವಾದವನ್ನು ಒಂದು ಹಾಳೆಯಲ್ಲಿ ಬರೆದೆ. ಈ ವಯಸ್ಸಿನಲ್ಲಿ ಬಾಡಿಗೆ ಮನೆಗೆ ಹೋಗಬೇಕು; ಕೆಲಸ ಅರ್ಧಕ್ಕೆ ನಿಂತು ಬಿಲ್ಡರ್ ಬಾಡಿಗೆ ಕೊಡುವುದನ್ನೂ ನಿಲ್ಲಿಸಿದರೆ ಎಲ್ಲಿಗೆ ಹೋಗುವುದು? ಬರೆದದ್ದನ್ನು ಅವರಿಗೇ ಓದಿ ಹೇಳಿದೆ.

"ಇದೇ ಅಲ್ವಾ ಶೆಟ್ರೇ, ನೀವು ಹೇಳುವುದು?"

"ಹೌದು ಮಾರಾಯ್ರೆ. ನನಗೇ ಇಷ್ಟು ಚೆಂದ ಮಾಡಿ ಹೇಳಲಿಕ್ಕೆ ಬರಲಿಲ್ಲ."

ಮುಂದಿನ ಮೀಟಿಂಗಿನಲ್ಲಿ ಹಾಳೆಯನ್ನು ಮರಾಠಿಯಲ್ಲಿ ಓದಿದೆ. ಒಡೆಯಬೇಕೋ ಬೇಡವೋ ಅನ್ನುವ ಗಲಾಟೆ ನಿಂತು, ಬಿಲ್ಡರ್ ಬ್ಯಾಂಕ್ ಗ್ಯಾರಂಟಿ ಎಷ್ಟು ಕೊಡುತ್ತಾನೆ ಅನ್ನುವ ಮಾತು ಶುರುವಾಯಿತು. ಬಾಡಿಗೆ ತಪ್ಪಿದರೆ ಏನು ಅನ್ನುವ ಷರತ್ತೂ ಕರಾರಿನ ಕರಡಿಗೆ ಸೇರಿತು. ಶೆಟ್ರು ಮಾತ್ರ ಕೊನೆಗೂ ವಿರುದ್ಧವೇ ಓಟು ಹಾಕಿದರು.