ಫಾಂಡ್ಯೂ ಒಡೆಯದಂತೆ ಮಾಡುವುದು: ನನ್ನ ಅನುಭವ

ಚೀಸನ್ನು ವೈನಿನಲ್ಲಿ ಕರಗಿಸಿ, ಮೇಜಿನ ಮೇಲೆ ಬಿಸಿಯಾಗಿಟ್ಟು, ಬ್ರೆಡ್ ತುಂಡು ಅದ್ದಿ ತಿನ್ನುವ ಊಟವೇ ಫಾಂಡ್ಯೂ. ಸ್ವಿಟ್ಜರ್ಲೆಂಡಿನಲ್ಲಿ ಚೀಸ್ ಫಾಂಡ್ಯೂ ಊರಿಗೊಂದು ಬಗೆ. ನ್ಯೂಶಾಟೆಲ್ ಕಡೆಯವರು ಗ್ರುಯೇರ್ ಚೀಸಿಗೆ ಎಮೆಂಟಾಲ್ ಬೆರೆಸುತ್ತಾರೆ. ಫ್ರಿಬೂರ್ ಕಡೆಯವರು ಅರ್ಧ ಗ್ರುಯೇರ್, ಅರ್ಧ ವಾಶ್ರಾಂ ಫ್ರಿಬೂರ್ಜ್ವಾ ಎಂಬ ಮೆತ್ತನೆಯ ಚೀಸ್ ಹಾಕುತ್ತಾರೆ. ಅದಕ್ಕೆ ‘ಮ್ವಾತಿಯೇ-ಮ್ವಾತಿಯೇ’ ಎಂದು ಹೆಸರು. ಸ್ನೇಹಿತರು ಊಟಕ್ಕೆ ಬರುವಾಗ ನಾನು ಮಾಡುವುದು ಈ ಫ್ರಿಬೂರ್ ಬಗೆಯದು. ಗ್ರುಯೇರ್ ರುಚಿಗೆ ಗಟ್ಟಿ, ವಾಶ್ರಾಂ ನುಣುಪಿಗೆ. ಎಮೆಂಟಾಲ್ ಹಾಕಿದರೆ ಎಳೆ ಎಳೆಯಾಗುವುದು ಹೆಚ್ಚು. ನೋಡಲು ಚೆನ್ನ, ಆದರೆ ತಟ್ಟೆಯಿಂದ ಪಾತ್ರೆಯವರೆಗೂ ನೂಲು ನೇತಾಡುತ್ತಿದ್ದರೆ ನಾಲ್ಕು ಜನ ಒಂದೇ ಪಾತ್ರೆಯಲ್ಲಿ ತಿನ್ನುವುದು ಕಷ್ಟ.

ಫಾಂಡ್ಯೂ ಒಲೆಯ ಮೇಲೆಯೇ ಕೂಡಿಬರಬೇಕು, ಮೇಜಿನ ಮೇಲಿನ ಪುಟ್ಟ ಉರಿ ಅದನ್ನು ಕಾಯುವುದಕ್ಕಷ್ಟೇ. ನಾನು ಕಂಡಂತೆ ಕೆಟ್ಟ ಫಾಂಡ್ಯೂಗಳಲ್ಲಿ ಹೆಚ್ಚಿನವು ಒಲೆಯ ಮೇಲೆ ಅರ್ಧಂಬರ್ಧ ಕರಗಿದ್ದಾಗಲೇ ಮೇಜಿಗೆ ಬಂದವು.

ನಾಲ್ಕು ಜನರಿಗೆ ನನ್ನ ಲೆಕ್ಕ ಹೀಗಿದೆ. ಗ್ರುಯೇರ್ 400 ಗ್ರಾಂ, ವಾಶ್ರಾಂ 400 ಗ್ರಾಂ, ಹುಳಿ ಇರುವ ಒಣ ಬಿಳಿ ವೈನ್ 400 ಮಿ.ಲೀ., ಕಾರ್ನ್‌ಫ್ಲೋರ್ 35 ಗ್ರಾಂ, ಬೆಳ್ಳುಳ್ಳಿ ಒಂದು ದೊಡ್ಡ ಎಸಳು, ಕಿರ್ಷ್ (ಚೆರ್ರಿ ಹಣ್ಣಿನ ಮದ್ಯ) ಎರಡು ದೊಡ್ಡ ಚಮಚ, ಅರ್ಧ ನಿಂಬೆಹಣ್ಣಿನ ರಸ, ಕಾಳುಮೆಣಸು, ತುಸು ಜಾಯಿಕಾಯಿ. ಉಪ್ಪು ಬೇಡವೇ ಬೇಡ, ಚೀಸಿನಲ್ಲಿರುವುದೇ ಸಾಕಷ್ಟು. ಗ್ರುಯೇರ್‌ನಲ್ಲಿ 250 ಗ್ರಾಂ ಆರೇಳು ತಿಂಗಳು ಮಾಗಿದ್ದು, ಉಳಿದ 150 ಗ್ರಾಂ ಹತ್ತು ತಿಂಗಳು ದಾಟಿದ್ದು ಇರಲಿ. ಪೂರ್ತಿ ಹಳೆಯ ಚೀಸನ್ನೇ ಹಾಕಿದರೆ ರುಚಿ ಜೋರಾಗುತ್ತದೆ, ಆದರೆ ಅದರಲ್ಲಿ ನೀರಿನಂಶ ಕಡಿಮೆಯಾದ್ದರಿಂದ ಬೇಗ ಜಿಡ್ಡು ಬಿಡುತ್ತದೆ. ವೈನ್ ಷಾಸ್ಲಾ ದ್ರಾಕ್ಷಿಯದಾದರೆ ಒಳ್ಳೆಯದು, ಸ್ವಿಟ್ಜರ್ಲೆಂಡಿನ ವಲೇ ಪ್ರಾಂತ್ಯದಲ್ಲಿ ಇದನ್ನೇ ಫಾಂಡಾಂ ಎಂದು ಮಾರುತ್ತಾರೆ. ಬೇರೆ ಯಾವುದೇ ಬಿಳಿ ವೈನೂ ನಡೆಯುತ್ತದೆ, ಸಿಹಿ ಇರಬಾರದು ಅಷ್ಟೆ.

ವೈನ್ ಬರೀ ಪರಿಮಳಕ್ಕಲ್ಲ. ಚೀಸಿನ ಪ್ರೋಟೀನು ಕೇಸೀನ್. ಅದರ ಕಣಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುವುದು ಕ್ಯಾಲ್ಸಿಯಂ. ವೈನಿನ ಟಾರ್ಟಾರಿಕ್ ಆಮ್ಲ ಆ ಕ್ಯಾಲ್ಸಿಯಂನಲ್ಲಿ ಒಂದಿಷ್ಟನ್ನು ಎಳೆದುಕೊಳ್ಳುತ್ತದೆ. ಆಗ ಕೇಸೀನ್ ಸಡಿಲವಾಗಿ ನೀರಿನಲ್ಲಿ ಹರಡಿ, ಕೊಬ್ಬಿನ ಹನಿಗಳನ್ನು ಸುತ್ತುವರಿದು ಹಿಡಿದಿಟ್ಟುಕೊಳ್ಳುತ್ತದೆ. ಹುಳಿ ಕಡಿಮೆಯಾದರೆ ಕೇಸೀನ್ ಮತ್ತೆ ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಅದಕ್ಕೇ ನಿಂಬೆರಸ. ಅದರ ಸಿಟ್ರಿಕ್ ಆಮ್ಲ ಈ ಕೆಲಸದಲ್ಲಿ ಟಾರ್ಟಾರಿಕ್‌ಗಿಂತ ಚುರುಕು.

ಕಾರ್ನ್‌ಫ್ಲೋರ್ ವಿಷಯದಲ್ಲಿ ಕೈ ಹಿಡಿಯಬೇಡಿ. ಅನೇಕ ಪಾಕಗಳಲ್ಲಿ ಮೂರ್ನಾಲ್ಕು ಟೀ ಚಮಚ ಎಂದಿರುತ್ತದೆ. ಹತ್ತು ನಿಮಿಷದಲ್ಲಿ ಖಾಲಿಯಾಗುವ ಪಾತ್ರೆಗೆ ಅಷ್ಟು ಸಾಕು. ಮಾತಾಡುತ್ತಾ ಒಂದು ಗಂಟೆ ಕೂರುವ ಊಟಕ್ಕೆ ಸಾಲದು. ಜ್ಯೂರಿಕ್‌ನ ಇಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಫಾಂಡ್ಯೂವಿನ ಹರಿವನ್ನೇ ಅಳೆದು ನೋಡಿದರು. ಅದು ಒಡೆಯದೆ ನಿಲ್ಲಬೇಕಾದರೆ ಪಿಷ್ಟ ಸುಮಾರು ಶೇ. 3ರಷ್ಟಾದರೂ ಇರಬೇಕು ಎಂಬುದು ಅವರಿಗೆ ಕಂಡದ್ದು. ಮೇಲಿನ ಅಳತೆಗೆ ಅದು ಸುಮಾರು 35 ಗ್ರಾಂ, ಅಂದರೆ ಮಟ್ಟಸವಾದ ನಾಲ್ಕು ದೊಡ್ಡ ಚಮಚ. ನಾನು ಈಗ ಕಣ್ಣಳತೆ ಬಿಟ್ಟು ತೂಕ ಮಾಡಿಯೇ ಹಾಕುತ್ತೇನೆ.

ಪಾತ್ರೆ ದಪ್ಪ ತಳದ್ದಿರಬೇಕು. ಸ್ವಿಸ್ ಮನೆಗಳಲ್ಲಿ ಬಳಸುವ ಕಾಕ್‌ಲೋಂ ಮಣ್ಣಿನದೂ ಉಂಟು, ಎನಾಮಲ್ ಬಳಿದ ಬೀಡಿನದೂ ಉಂಟು. ಮಣ್ಣಿನದು ಬಿಸಿಯನ್ನು ನಿಧಾನವಾಗಿ, ಸಮನಾಗಿ ಕೊಡುತ್ತದೆ, ಆದರೆ ಖಾಲಿ ಪಾತ್ರೆ ಕಾಯಿಸಿದರೆ ಸೀಳುತ್ತದೆ, ಇಂಡಕ್ಷನ್ ಒಲೆಗೂ ಆಗದು. ಬೀಡಿನದಕ್ಕೆ ಆ ಭಯವಿಲ್ಲ. ತೆಳು ಸ್ಟೀಲ್ ಪಾತ್ರೆ ಮಾತ್ರ ಬೇಡ. ಉರಿ ತಾಗಿದ ಒಂದೇ ಜಾಗ ಸೀದು, ಸೀದ ವಾಸನೆ ಇಡೀ ಪಾತ್ರೆಗೆ ಹರಡುತ್ತದೆ.

ಚೀಸನ್ನು ಫ್ರಿಜ್ಜಿನಿಂದ ಒಂದು ಗಂಟೆ ಮೊದಲೇ ತೆಗೆದಿಡಿ. ಗ್ರುಯೇರನ್ನು ದಪ್ಪ ಕಣ್ಣಿನ ತುರಿಮಣೆಯಲ್ಲಿ ತುರಿಯಿರಿ. ವಾಶ್ರಾಂ ಮೆತ್ತಗಿರುವುದರಿಂದ ತುರಿಗೆ ಬರುವುದಿಲ್ಲ, ಒಂದು ಸೆಂ.ಮೀ. ತುಂಡುಗಳಾಗಿ ಹೆಚ್ಚಿಕೊಂಡರೆ ಸಾಕು. ಕಾರ್ನ್‌ಫ್ಲೋರಿನಲ್ಲಿ 25 ಗ್ರಾಂ ಅನ್ನು ಗ್ರುಯೇರ್ ತುರಿಗೆ ಉದುರಿಸಿ ಕೈಯಲ್ಲೇ ಬೆರೆಸಿ, ಪ್ರತಿ ಎಳೆಗೂ ಹಿಟ್ಟು ಹತ್ತಬೇಕು. ಉಳಿದ 10 ಗ್ರಾಂ ಅನ್ನು ಒಂದು ಲೋಟದಲ್ಲಿ ಮೂರು ಚಮಚ ತಣ್ಣನೆಯ ವೈನಿಗೆ ಕಲಸಿ ಪಕ್ಕಕ್ಕಿಡಿ.

ಬೆಳ್ಳುಳ್ಳಿಯನ್ನು ಸೀಳಿ ಪಾತ್ರೆಯ ಒಳಮೈಗೆಲ್ಲ ಉಜ್ಜುತ್ತೇನೆ, ಆಮೇಲೆ ಅದನ್ನು ಸಣ್ಣಗೆ ಹೆಚ್ಚಿ ಒಳಗೇ ಬಿಡುತ್ತೇನೆ. ಉಳಿದ ವೈನ್, ನಿಂಬೆರಸ ಸುರಿದು ಮಧ್ಯಮ ಉರಿ. ವೈನ್ ಕುದಿಯುವುದು ಬೇಡ. ತಳದಿಂದ ಸಣ್ಣ ಗುಳ್ಳೆಗಳು ಏಳತೊಡಗಿ ಆವಿ ಕಾಣಿಸಿದರೆ ಸಾಕು. ಆಗ ಉರಿ ಸಣ್ಣದು ಮಾಡಿ, ಗ್ರುಯೇರನ್ನು ಒಂದೊಂದು ಹಿಡಿಯಾಗಿ ಹಾಕಿ. ಒಂದು ಹಿಡಿ ಕರಗುವವರೆಗೆ ಇನ್ನೊಂದು ಬೇಡ. ಮರದ ಸೌಟಿನಿಂದ ಇಂಗ್ಲಿಷ್ ಎಂಟರ ಆಕಾರದಲ್ಲಿ ಕಲಕುತ್ತಿರಿ. ಬರೀ ಸುತ್ತ ತಿರುಗಿಸಿದರೆ ನಡುವಿನ ತಳ ಮುಟ್ಟುವುದಿಲ್ಲ, ಸೀಯುವುದೇ ಅಲ್ಲಿ.

ಮೂರ್ನಾಲ್ಕು ಹಿಡಿ ಹಾಕುವ ಹೊತ್ತಿಗೆ ಹೊಸಬರೆಲ್ಲ ಹೆದರುವ ಘಟ್ಟ ಬರುತ್ತದೆ. ಮೇಲೆ ಹಳದಿ ಬೆರೆತ ಮಸುಕು ವೈನ್, ಕೆಳಗೆ ಸೌಟಿಗೆ ಅಂಟಿಕೊಂಡ ಚೀಸಿನ ಒಂದು ಮುದ್ದೆ. ಎತ್ತಿದರೆ ಮುದ್ದೆ ಪೂರ್ತಿ ಮೇಲೆ ಬರುತ್ತದೆ, ವೈನ್ ಬೇರೆಯಾಗಿ ಸೋರುತ್ತದೆ. ಇದು ಒಡೆದದ್ದಲ್ಲ, ಇನ್ನೂ ಕೂಡಿಲ್ಲ ಅಷ್ಟೆ. ಪಿಷ್ಟ ಉಬ್ಬಿ ನೀರು ಹಿಡಿಯುವುದು ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್ ನಡುವೆ, ಪಾತ್ರೆ ಅಲ್ಲಿಗೆ ಮುಟ್ಟಿರುವುದಿಲ್ಲ. ಇಲ್ಲಿ ಉರಿ ಜೋರು ಮಾಡುವವರೇ ಪಾತ್ರೆ ಕೆಡಿಸುವುದು. ಉರಿ ಹಾಗೇ ಇರಲಿ, ಐದಾರು ನಿಮಿಷ ಬಿಡದೆ ಕಲಕಿ. ಮುದ್ದೆಯ ಅಂಚು ಮೊದಲು ಸಡಿಲವಾಗುತ್ತದೆ, ವೈನ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಇದ್ದಕ್ಕಿದ್ದಂತೆ ಎರಡೂ ಒಂದಾಗುತ್ತವೆ. ಲೋಟದ ಹಿಟ್ಟನ್ನು ಮತ್ತೆ ಕಲಕಿ ಈಗ ಸುರಿಯಿರಿ. ಅಂಚಿನಲ್ಲಿ ಮೊದಲ ದೊಡ್ಡ ಗುಳ್ಳೆ ‘ಪುಟ್’ ಎಂದು ಒಡೆಯುವವರೆಗೆ ಕಲಕಿ. ಅದೇ ಗುರುತು, ಪಿಷ್ಟ ಬೆಂದಿದೆ.

ಕೂಡಲೇ ಉರಿ ತೀರಾ ಸಣ್ಣದು ಮಾಡಿ. ವಾಶ್ರಾಂ ಹೋಗಬೇಕಾದ್ದು ಈಗ, ಮೊದಲಲ್ಲ. ಅದಕ್ಕೆ ಇಷ್ಟು ಬಿಸಿ ಬೇಕಾಗಿಲ್ಲ, ಹೆಚ್ಚು ಕಾದರೆ ರವೆರವೆಯಾಗುತ್ತದೆ. ಫ್ರಿಬೂರ್‌ನಲ್ಲಿ ಬರೀ ವಾಶ್ರಾಂ ಫಾಂಡ್ಯೂ ಮಾಡುವವರು ವೈನ್ ಕೂಡ ಬಳಸದೆ, ನೀರಿನಲ್ಲಿ, ಬೆಚ್ಚಗಿನ ಶಾಖದಲ್ಲೇ ಕರಗಿಸುತ್ತಾರೆ. ಎರಡನ್ನೂ ಒಟ್ಟಿಗೆ ಹಾಕಿಬಿಟ್ಟರೆ ಪಿಷ್ಟ ಬೇಯುವ ಬಿಸಿಯನ್ನು ವಾಶ್ರಾಂ ತಿನ್ನಬೇಕಾಗುತ್ತದೆ. ಬೇರೆ ಬೇರೆ ಹಾಕಿದರೆ ಈ ತಕರಾರೇ ಇಲ್ಲ.

ಕೊನೆಗೆ ಕಿರ್ಷ್, ಮೆಣಸಿನಪುಡಿಯಲ್ಲ, ಆಗ ತಾನೇ ಕುಟ್ಟಿದ ಕಾಳುಮೆಣಸು, ಚಿಟಿಕೆ ಜಾಯಿಕಾಯಿ. ಬೇಕೆಂದರೆ ಚಾಕುವಿನ ತುದಿಯಷ್ಟು ಅಡುಗೆ ಸೋಡಾ ಹಾಕಿ ಕಲಕಿದರೆ ನೊರೆ ಎದ್ದು ಹಗುರವಾಗುತ್ತದೆ. ಹದ ನೀರು ದೋಸೆ ಹಿಟ್ಟಿಗಿಂತ ಗಟ್ಟಿ, ಉದ್ದಿನ ದೋಸೆ ಹಿಟ್ಟಿನಷ್ಟು ಇರಬೇಕು. ಬ್ರೆಡ್ ತುಂಡನ್ನು ಅದ್ದಿ ಎತ್ತಿದರೆ ಮೈಗೆ ಹತ್ತಿ ನಿಲ್ಲಬೇಕು, ಹರಿದು ಹೋಗಬಾರದು.

ಬ್ರೆಡ್ ಹಿಂದಿನ ದಿನದ್ದು, ಗಟ್ಟಿ ಹೊರಪದರದ್ದು, ತಲೆಗೆ 200 ಗ್ರಾಂ. ಎರಡೂವರೆ ಸೆಂ.ಮೀ. ತುಂಡಿನ ಪ್ರತಿಯೊಂದಕ್ಕೂ ಒಂದು ಬದಿಯಾದರೂ ಹೊರಪದರ ಇರಲಿ. ಮೆತ್ತನೆಯ ಬದಿಯಿಂದ ಫೋರ್ಕ್ ಚುಚ್ಚಿ ಹೊರಪದರದೊಳಗೆ ತೂರಿಸಿದರೆ ತುಂಡು ಪಾತ್ರೆಯಲ್ಲಿ ಬಿದ್ದುಹೋಗುವುದಿಲ್ಲ. ನಮ್ಮೂರ ಬೇಕರಿಯ ಮೆತ್ತನೆಯ ಹಾಲಿನ ಬ್ರೆಡ್ ಇದಕ್ಕೆ ಒಗ್ಗದು. ಬೆಂಗಳೂರಿನಲ್ಲಿ ಮಾಡುವಾಗ ಸವರ್‌ಡೋ (ಹುಳಿ ಬಂದ ಹಿಟ್ಟಿನ ಬ್ರೆಡ್) ತರಬೇಕು. ಜೊತೆಗೆ ಸಿಪ್ಪೆಸಹಿತ ಬೇಯಿಸಿದ ಸಣ್ಣ ಆಲೂಗಡ್ಡೆ, ವಿನೆಗರಿನ ಪುಟ್ಟ ಸೌತೆಕಾಯಿ, ಈರುಳ್ಳಿ. ಹುಳಿ ಬಾಯಿ ತೊಳೆಯುತ್ತದೆ.

ಮೇಜಿನ ಮೇಲೆ ಸ್ಪಿರಿಟ್ ಅಥವಾ ಜೆಲ್ ಉರಿಯುವ ಪುಟ್ಟ ಒಲೆ. ಸ್ಪಿರಿಟ್ ತೀರಿದರೆ ಉರಿ ಆರಿ ಲೋಹ ಪೂರ್ತಿ ತಣ್ಣಗಾದ ಮೇಲೇ ತುಂಬಬೇಕು. ಉರಿಯುತ್ತಿರುವಾಗ, ಬಿಸಿ ಇರುವಾಗ ಸುರಿದರೆ ಬೆಂಕಿ ಬಾಟಲಿಗೇ ಏರುತ್ತದೆ, ಕೈ ಮುಖ ಸುಡುತ್ತದೆ. ಮಕ್ಕಳಿರುವ ಮನೆಯಲ್ಲಿ ನಾನು ಜೆಲ್ ಡಬ್ಬಿಯನ್ನೇ ಇಡುವುದು. ಉರಿ ಕಡಿಮೆ ಇಟ್ಟು, ಅದ್ದುವವರೆಲ್ಲ ಪ್ರತಿ ಸಲವೂ ಫೋರ್ಕನ್ನು ತಳದವರೆಗೆ ಇಳಿಸಿ ಒಮ್ಮೆ ಕಲಕಬೇಕು ಎಂದು ಮೊದಲೇ ಹೇಳಿಬಿಡಿ. ಮಾತಿನ ನಡುವೆ ಹತ್ತು ನಿಮಿಷ ಯಾರೂ ಕಲಕದಿದ್ದರೆ ತಳ ಹಿಡಿಯುತ್ತದೆ, ಮೇಲೆ ಪದರ ಕಟ್ಟುತ್ತದೆ. ಒಂದು ಪಾತ್ರೆಗೆ ಐದು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಎರಡು ಪಾತ್ರೆ ಇಡಿ, ಒಂದನ್ನೇ ದೊಡ್ಡದು ಮಾಡಬೇಡಿ.

ಕೆಟ್ಟದ್ದು ಬಹುಪಾಲು ಸರಿಯಾಗುತ್ತದೆ. ಎಣ್ಣೆ ಬಿಟ್ಟು ಮೇಲೆ ತೇಲುತ್ತಿದ್ದರೆ ಮೇಜಿನಿಂದ ಒಲೆಗೆ ತನ್ನಿ. ಒಂದು ದೊಡ್ಡ ಚಮಚ ಕಾರ್ನ್‌ಫ್ಲೋರನ್ನು ಒಂದು ಚಮಚ ನಿಂಬೆರಸ, ಎರಡು ಚಮಚ ವೈನಿನಲ್ಲಿ ಕಲಸಿ ಸುರಿದು, ಸಣ್ಣ ಉರಿಯಲ್ಲಿ ತಂತಿ ಬೀಟರ್‌ನಿಂದ ಬಿರುಸಾಗಿ ಬಡಿಯಿರಿ. ಎರಡು ಮೂರು ನಿಮಿಷದಲ್ಲಿ ಕೂಡಿಕೊಳ್ಳುತ್ತದೆ. ಗಟ್ಟಿಯಾದರೆ ಬಿಸಿ ಮಾಡಿದ ವೈನ್ ಚಮಚ ಚಮಚವಾಗಿ ಹಾಕಿ. ತಣ್ಣನೆಯದು ಹಾಕಿದರೆ ಚೀಸ್ ಮತ್ತೆ ಮುದ್ದೆಯಾಗುತ್ತದೆ. ನೂಲು ಎಳೆಯುತ್ತಿದ್ದರೆ ನಿಂಬೆರಸವೇ ಮದ್ದು. ತಳ ಸೀದರೆ ಮಾತ್ರ ಕೆರೆಯಬೇಡಿ. ಮೇಲಿನದನ್ನು ಬೇರೆ ಪಾತ್ರೆಗೆ ಸುರಿದುಕೊಂಡು ಮುಂದುವರಿಯಿರಿ.

ನಮ್ಮ ಕಡೆಯ ಸ್ನೇಹಿತರನ್ನು ಕರೆಯುವವರು ಒಂದು ವಿಷಯವನ್ನು ಮುಚ್ಚಿಡಬಾರದು. ಗ್ರುಯೇರ್ ಎಒಪಿ (ಮೂಲಸ್ಥಾನದ ಹೆಸರಿಗೆ ಕಾನೂನಿನ ರಕ್ಷಣೆಯಿರುವ) ಚೀಸಿನ ಹಾಲು ಹೆಪ್ಪುಗಟ್ಟುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಸಸ್ಯಾಹಾರಿಗಳಿಗೆ ಇದನ್ನು ಮೊದಲೇ ಹೇಳಬೇಕು. ಅವರಿಗಾಗಿ ನಾನು ಬೇರೆ ಪಾತ್ರೆಯಲ್ಲಿ ಮೈಕ್ರೋಬಿಯಲ್ (ಸೂಕ್ಷ್ಮಜೀವಿಗಳಿಂದ ತಯಾರಾದ) ರೆನೆಟ್‌ನ ಎಮೆಂಟಾಲ್, ಗೌಡಾ ಸಮ ಪಾಲು ಹಾಕಿ ಮಾಡುತ್ತೇನೆ. ಭಾರತದಲ್ಲಿ ಪ್ಯಾಕೆಟ್ಟಿನ ಹಸಿರು ಚುಕ್ಕೆ ನೋಡಿ ಕೊಳ್ಳಬಹುದು. ಎಮೆಂಟಾಲ್, ಗೌಡಾ ಎಳೆಯವಾದರೆ ಎಳೆ ಬಿಡುವುದು ಹೆಚ್ಚು. ಅದಕ್ಕೆ 800 ಗ್ರಾಂನಲ್ಲಿ 100 ಗ್ರಾಂ ಪ್ರೊಸೆಸ್ಡ್ ಚೀಸ್ ಕ್ಯೂಬ್ ಸೇರಿಸಿ. ಪ್ರೊಸೆಸ್ಡ್ ಚೀಸಿನಲ್ಲಿ ಇರುವ ಎಮಲ್ಸಿಫೈಯಿಂಗ್ ಲವಣಗಳು ಕ್ಯಾಲ್ಸಿಯಂ ಕಟ್ಟಿಹಾಕುವ ಕೆಲಸವನ್ನೇ ಮಾಡಿ ಇಡೀ ಪಾತ್ರೆಯನ್ನು ನುಣುಪಾಗಿಡುತ್ತವೆ. ವೈನ್ ಬೇಡದವರಿಗೆ 250 ಮಿ.ಲೀ. ನೀರು, 150 ಮಿ.ಲೀ. ಸಿಹಿ ಬೆರೆಸದ ಸೇಬಿನ ರಸ, ಒಂದೂವರೆ ನಿಂಬೆಹಣ್ಣಿನ ರಸ. ಕಿರ್ಷ್ ಬಿಟ್ಟುಬಿಡಿ. ಮೊಝರೆಲ್ಲಾ ಬೇಡ, ಅದು ನೂಲೇ ಆಗುತ್ತದೆ. ಪನೀರಂತೂ ಕರಗುವುದೇ ಇಲ್ಲ, ಹುಳಿ ಹಾಕಿ ಒಡೆಸಿದ ಹಾಲಿನದಾದ್ದರಿಂದ ಬಿಸಿಗೆ ಗಟ್ಟಿಯಾಗಿಯೇ ನಿಲ್ಲುತ್ತದೆ.

ಕುಡಿಯಲು ಏನು ಎಂಬ ಚರ್ಚೆ ಪ್ರತಿ ಮೇಜಿನಲ್ಲೂ ಏಳುತ್ತದೆ. ವೈನ್ ಹೊಟ್ಟೆಯಲ್ಲಿ ಚೀಸನ್ನು ಬೇಗ ಜೀರ್ಣಿಸುತ್ತದೆ ಎಂಬುದು ಸ್ವಿಸ್ ಜನರ ನಂಬಿಕೆ. ಜ್ಯೂರಿಕ್‌ನ ವೈದ್ಯರು 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಫಾಂಡ್ಯೂ ಜೊತೆ ವೈನ್ ಕುಡಿದವರ ಜಠರ ಕಪ್ಪು ಚಹಾ ಕುಡಿದವರದಕ್ಕಿಂತ ನಿಧಾನವಾಗಿ ಖಾಲಿಯಾಯಿತು. ಆದರೂ ಹೊಟ್ಟೆಯ ತೊಂದರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನಾನು ದೊಡ್ಡ ಕೆಟಲ್ ತುಂಬ ಹಾಲಿಲ್ಲದ ಬಿಸಿ ಚಹಾ ಇಡುತ್ತೇನೆ, ವೈನ್ ಬೇಕೆನ್ನುವವರಿಗೆ ಅದೂ ಇರುತ್ತದೆ.

ಪಾತ್ರೆಯಲ್ಲಿ ತೆಳು ಪದರ ಉಳಿದಾಗ ಕಲಕುವುದು ನಿಲ್ಲಿಸಿ. ಸಣ್ಣ ಉರಿಯಲ್ಲಿ ಅದು ಹೊಂಬಣ್ಣದ ಗರಿಗರಿ ಹಪ್ಪಳವಾಗುತ್ತದೆ. ರೆಲಿಜ್ಯೂಸ್ ಎಂದು ಕರೆಯುವ ಇದನ್ನು ಚಪ್ಪಟೆ ಸೌಟಿನಿಂದ ಎಬ್ಬಿಸಿ ಎಲ್ಲರಿಗೂ ಮುರಿದು ಹಂಚಬೇಕು. ಕಪ್ಪಾಗುವವರೆಗೆ ಬಿಡಬೇಡಿ, ಕಹಿಯಾಗುತ್ತದೆ. ಪಾತ್ರೆಗೆ ತಣ್ಣೀರು, ಒಂದು ಚಮಚ ಅಡುಗೆ ಸೋಡಾ ಹಾಕಿ ರಾತ್ರಿಯಿಡೀ ನೆನೆಯಲು ಬಿಡಿ. ಬಿಸಿನೀರು ಹಾಕಿದರೆ ಪ್ರೋಟೀನು ಗೋಡೆಗೆ ಗಟ್ಟಿಯಾಗಿ ಹಿಡಿದು, ಬೆಳಗ್ಗೆ ಉಜ್ಜುವ ಕೆಲಸ ಹೆಚ್ಚುತ್ತದೆ.