ಮರೆತುಹೋದ ಪಿಯಾನೊ ಕೃತಿಯನ್ನು ಕಛೇರಿಗೆ ತರುವ ಬಗೆ

ಹತ್ತೊಂಬತ್ತನೆಯ ಶತಮಾನದ ರೊಮ್ಯಾಂಟಿಕ್ ಸಂಗೀತದಲ್ಲಿ ಮೂಲೆಗೆ ಬಿದ್ದಿರುವ ಪಿಯಾನೊ ಕೃತಿಯೊಂದನ್ನು ಮತ್ತೆ ಕೇಳುಗರ ಮುಂದಿಡಬಯಸುವ ವಾದಕರು ಅಮೆರಿಕದ ಪಿಯಾನೊ ವಾದಕ ರೇಮಂಡ್ ಲೆವೆಂಥಾಲ್ ಹಿಡಿದ ದಾರಿಯನ್ನು ಮೊದಲು ಗಮನಿಸಬೇಕು. 1953ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಹಲ್ಲೆಗೊಳಗಾಗಿ ಕೈ, ತೋಳುಗಳ ಮೂಳೆ ಮುರಿದುಕೊಂಡ ಅವರು ಬಹುಕಾಲ ಕಛೇರಿಗಳಿಂದ ದೂರ ಉಳಿದರು. ಅವರಿಗೆ ಮತ್ತೆ ಹೆಸರು ತಂದುಕೊಟ್ಟದ್ದು ಪ್ಯಾರಿಸ್ಸಿನ ಸಂಗೀತ ರಚನಕಾರ, ಪಿಯಾನೊ ವಾದಕ ಶಾರ್ಲ್ ವಾಲೆಂಟಿನ್ ಆಲ್ಕಾನನ (1813–1888) ಸಂಗೀತ.

ಅವರು ಕೆಲಸ ಮಾಡಿದ ಕ್ರಮದಲ್ಲಿಯೇ ಪಾಠವಿದೆ. 1963ರಲ್ಲಿ ನ್ಯೂಯಾರ್ಕಿನ ಡಬ್ಲ್ಯುಬಿಎಐ ರೇಡಿಯೊದಲ್ಲಿ ಆಲ್ಕಾನನ ಬಗ್ಗೆ ಮಾತನಾಡಿ, ನುಡಿಸಿ ತೋರಿಸಿದರು. ಅದರ ಬೆನ್ನಲ್ಲೇ ಶಿರ್ಮರ್ ಪ್ರಕಾಶನಕ್ಕಾಗಿ ಸ್ವರಲಿಪಿಯನ್ನು ಸಂಪಾದಿಸಿದರು, 1964ರಲ್ಲಿ ನ್ಯೂಯಾರ್ಕಿನ ಟೌನ್ ಹಾಲ್ ಸಭಾಂಗಣದಲ್ಲಿ ಕಛೇರಿ ಕೊಟ್ಟರು, ಬಳಿಕ ಆರ್‌ಸಿಎ ಧ್ವನಿಮುದ್ರಿಕೆ ಬಂತು. ಕೇಳುಗರಲ್ಲಿ ಕುತೂಹಲ ಹುಟ್ಟಿದ ಮೇಲೆಯೇ ಕಛೇರಿ ನಡೆಯಿತೆಂಬುದನ್ನು ಗಮನಿಸಿ.

ಕೃತಿಯನ್ನು ಆಯುವಾಗ ನಿಷ್ಠುರವಾಗಿರಿ. ಮರೆತುಹೋದದ್ದೆಲ್ಲ ಅನ್ಯಾಯಕ್ಕೊಳಗಾದದ್ದಲ್ಲ, ಬರಿಯ ಬೆರಳಿನ ಕಸರತ್ತಾಗಿರುವ ಕೃತಿಗಳು ಆ ಕಾಲದಲ್ಲಿ ರಾಶಿ ರಾಶಿಯಾಗಿ ಅಚ್ಚಾದವು. ಆಲ್ಕಾನನ ಕೃತಿಗಳ ಹಳೆಯ ಮುದ್ರಣಗಳು ಐಎಂಎಸ್‌ಎಲ್‌ಪಿ ಜಾಲತಾಣದಲ್ಲಿ ಉಚಿತವಾಗಿ ದೊರೆಯುವುದರಿಂದ, ವಾರಗಟ್ಟಲೆ ನಿಧಾನವಾಗಿ ನುಡಿಸಿ ನೋಡಿದ ಮೇಲೆಯೇ ತೀರ್ಮಾನಿಸಬಹುದು. 1857ರಲ್ಲಿ ಪ್ರಕಟವಾದ ಆತನ 39ನೆಯ ಓಪಸ್‌ನಲ್ಲಿ (ಓಪಸ್ ಎಂದರೆ ಕ್ರಮಸಂಖ್ಯೆ ಪಡೆದ ಕೃತಿ) ಎಲ್ಲ ಮೈನರ್ ಶ್ರುತಿಗಳಲ್ಲಿ ರಚಿತವಾದ 12 ಎಟ್ಯೂಡ್‌ಗಳು, ಅಂದರೆ ಅಭ್ಯಾಸ ರಚನೆಗಳು, ಇವೆ. ಅವುಗಳಲ್ಲಿ 8ರಿಂದ 10ರವರೆಗಿನವು ಸೇರಿ ಆರ್ಕೆಸ್ಟ್ರಾದ ನೆರವಿಲ್ಲದ ಒಂದು ಪಿಯಾನೊ ಕಾನ್ಚರ್ಟೊ (ಸಾಮಾನ್ಯವಾಗಿ ಏಕವಾದಕ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸುವ ರಚನೆ) ಆಗುತ್ತವೆ. ಆರ್ಕೆಸ್ಟ್ರಾದ ಭಾಗ ಯಾವುದು, ಏಕವಾದಕನದು ಯಾವುದು ಎಂಬುದನ್ನು ಸ್ವರಲಿಪಿಯಲ್ಲಿಯೇ ಗುರುತಿಸಲಾಗಿದೆ. ಆದರೆ ಸುಮಾರು 50 ನಿಮಿಷದ ಆ ಕೃತಿಯಿಂದ ಆರಂಭಿಸುವುದು ಈಜು ಕಲಿಯಲು ಕಡಲಿಗಿಳಿದಂತೆ. ಕೊನೆಯ ಎಟ್ಯೂಡ್ ‘ಈಸೋಪನ ಔತಣ’ ಸುಮಾರು ಹತ್ತು ನಿಮಿಷದ್ದು. ಎಂಟು ಬಾರ್‌ಗಳ (ತಾಳದ ಆವರ್ತಗಳ) ಒಂದು ವಸ್ತು, ಅಂದರೆ ಮೂಲ ರಾಗತುಣುಕು, ಅದರ ಮೇಲೆ 25 ವೇರಿಯೇಷನ್‌ಗಳು, ಅಂದರೆ ಅದನ್ನೇ ಬದಲಿಸಿ ನುಡಿಸುವ ರೂಪಗಳು. ಅದೂ ಕಠಿಣವೆನಿಸಿದರೆ 65ನೆಯ ಓಪಸ್‌ನ ಪುಟ್ಟ ಬಾರ್ಕರೋಲ್ (ದೋಣಿ ಹಾಡಿನ ಲಯದ ರಚನೆ) ಇದೆ. ಲೆವೆಂಥಾಲರೂ ಅದನ್ನು ಧ್ವನಿಮುದ್ರಿಸಿಕೊಂಡಿದ್ದರು.

ಅಭ್ಯಾಸದಲ್ಲಿ ಒಂದು ಎಚ್ಚರಿಕೆ ಅಗತ್ಯ. ಆಲ್ಕಾನ್ ನುಡಿಸುತ್ತಿದ್ದ ಎರಾರ್ ಎಂಬ ಫ್ರೆಂಚ್ ತಯಾರಕರ ಪಿಯಾನೊಗಳ ಕೀಲಿಗಳು ಇಂದಿನ ದೊಡ್ಡ ಗ್ರ್ಯಾಂಡ್ ಪಿಯಾನೊಗಳಿಗಿಂತ ಹಗುರ. ಹೀಗಾಗಿ ಒಂದೇ ಸ್ವರ ಅಥವಾ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಬಿಡುವಿಲ್ಲದೆ ಮರಳುವ ಭಾಗಗಳನ್ನು ತುಂಡು ತುಂಡಾಗಿ, ಮಣಿಕಟ್ಟು ಬಿಗಿಯಾದೊಡನೆ ನಿಲ್ಲಿಸಿ ಅಭ್ಯಾಸ ಮಾಡಬೇಕು; ವೇಗ ಕೊನೆಯಲ್ಲಿ ಬರಲಿ.

ಕಛೇರಿಯಲ್ಲಿ ಹೊಸ ಕೃತಿಯನ್ನು ಶೊಪ್ಯಾನ್ ಅಥವಾ ಲಿಸ್ಟ್‌ನ ಪರಿಚಿತ ರಚನೆಯ ಪಕ್ಕದಲ್ಲಿಡಿ. ಲೆವೆಂಥಾಲ್ ಮೇಲುಹೊದಿಕೆ ತೊಟ್ಟು ನಾಟಕೀಯವಾಗಿ ವೇದಿಕೆಗೆ ಬರುತ್ತಿದ್ದರು, ಅದನ್ನು ಅನುಕರಿಸಬೇಕಿಲ್ಲ. ನುಡಿಸುವ ಮುನ್ನ ಎರಡು ನಿಮಿಷ ಮಾತನಾಡಿ, ‘ಈಸೋಪನ ಔತಣ’ದ ವಸ್ತುವನ್ನು ಒಮ್ಮೆ ಬಿಡಿಯಾಗಿ ಕೇಳಿಸಿ, ಬೇಟೆಯ ಮತ್ತು ಬೊಗಳುವ ಸದ್ದಿನ ವೇರಿಯೇಷನ್‌ಗಳು ಮುಂದೆ ಬರಲಿವೆಯೆಂದು ಹೇಳಿದರೆ ಸಾಕು, ಅವು ಎಲ್ಲಿ ಬರುತ್ತವೆಂಬುದನ್ನು ಸಭಿಕರೇ ಕಿವಿಗೊಟ್ಟು ಹುಡುಕುತ್ತಾರೆ.